ಹುಣಸೆ ಬೊಡ್ಡೆಯ ಮೂಲ

ಬೆಳಗಾವಿಯ ಕಣಬರ್ಗಿಯ ಆ ಓಣಿಯಲ್ಲಿ ಪದ್ಮವ್ವನ ಮನೆ ಯಾವುದೆಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಿದ್ದರು. ಆಮೇಲೆ, "ಬೊಡ್ಡಿ ಮನಿ ಏನ್ರಿ?" ಎಂದು ತಿರುಗಿ ಕೇಳಿ ದಾರಿ ತೋರಿಸುತ್ತಿದ್ದರು. ಹೆಸರು ಸುಮ್ಮನೆ ಬಂದದ್ದಲ್ಲ. ಮನೆಯ ಹಿತ್ತಲಿನಲ್ಲಿ ಮೂರು ಬೊಡ್ಡೆಗಳಿದ್ದವು. ಒಂದು ಮಾವಿನದು, ಒಂದು ಹಲಸಿನದು, ಇನ್ನೊಂದು ಹುಣಸೆಯದು. ಕರೆಂಟಿನ ತಂತಿಗೆ ಟೊಂಗೆ ತಾಗುತ್ತದೆಂದು ಎಂದೋ ಮರಗಳನ್ನು ಕಡಿಸಿದ್ದರು. ಕಡಿದವರು ದಿಮ್ಮಿಗಳನ್ನು ಲಾರಿಗೆ ಹೇರಿಕೊಂಡು ಹೋದರು, ಮೊಣಕಾಲೆತ್ತರದ ಬೊಡ್ಡೆಗಳನ್ನು ಮನೆಯವರ ಪಾಲಿಗೆ ಬಿಟ್ಟರು.

ಬಿಟ್ಟದ್ದಕ್ಕೂ ಏನಾದರೊಂದು ಕೆಲಸ ಹಚ್ಚದಿದ್ದರೆ ಅದು ಪದ್ಮವ್ವನ ಮನೆಯೇ ಅಲ್ಲ. ಮಾವಿನ ಬೊಡ್ಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದರು. ಹಲಸಿನದು ಅವಳ ಗಂಡ ನಾಗಲಿಂಗಪ್ಪನ ಖುರ್ಚಿ. ಬಸ್ ಡಿಪೋದ ಮೆಕ್ಯಾನಿಕ್ ಕೆಲಸದಿಂದ ನಿವೃತ್ತನಾದ ಮೇಲೆ ಆತ ಬೆಳಗಿನ ಚಹಾ, ಪೇಪರು, ದಾಡಿ ಎಲ್ಲವನ್ನೂ ಅದರ ಮೇಲೆ ಕೂತೇ ಮುಗಿಸುತ್ತಿದ್ದ. ಹುಣಸೆಯದು ಮಾತ್ರ ಯಾರ ಮಾತನ್ನೂ ಕೇಳದ್ದು. ಅದರ ಬುಡದಿಂದ ಚಿಗುರು ಏಳುತ್ತಿತ್ತು, ಪದ್ಮವ್ವ ಕುಡುಗೋಲಿನಿಂದ ಸವರುತ್ತಿದ್ದಳು, ಅದು ಮತ್ತೆ ಏಳುತ್ತಿತ್ತು. ಇಬ್ಬರಲ್ಲಿ ಯಾರೂ ಸೋತಿರಲಿಲ್ಲ.

ಮನೆಯೆಂದರೆ ಎರಡು ಖೋಲಿ, ಮುಂದೊಂದು ಪಡಸಾಲೆ. ಪಡಸಾಲೆಯಲ್ಲಿ ನಾಗಲಿಂಗಪ್ಪನೂ ಮಗ ರಾಮಲಿಂಗನೂ ಮಲಗುವುದು. ಒಳಗೆ ಪದ್ಮವ್ವ, ಸೊಸೆ ಪ್ರಮಿಳಾ, ಒಂದನೇ ಇಯತ್ತೆಗೆ ಹೋಗುವ ಮೊಮ್ಮಗಳು ಲಕ್ಷ್ಮೀ. ಉಳಿದೊಂದು ಖೋಲಿಯಲ್ಲಿ ಒಲೆ, ಕಾಳಿನ ಡಬ್ಬಿಗಳು, ನೀರಿನ ಹಂಡೆ. ಗಂಡ ಹೆಂಡತಿ ಎರಡು ಮಾತಾಡಬೇಕೆಂದರೂ ಬಟ್ಟೆ ಒಣಹಾಕುವ ನೆಪ ಮಾಡಿ ಹಿತ್ತಲಿಗೆ ಹೋಗಬೇಕಿತ್ತು.

ಅಂದು ರಾತ್ರಿ ಊಟಕ್ಕೆ ಕೂತಾಗ ರಾಮಲಿಂಗ ರೊಟ್ಟಿ ಮುರಿಯುತ್ತ, ತಲೆ ಎತ್ತದೆ, "ಆಟೋ ನಗರದ ಬಾಜೂಕ ಒಂದು ಬಾಡಿಗಿ ಮನಿ ಖಾಲಿ ಆಗೇತಂತ ಬೇ," ಎಂದ. ಅವನು ಅಲ್ಲಿಯ ಒಂದು ಗ್ಯಾರೇಜಿನಲ್ಲಿ ಲೇಥ್ ಮಶೀನಿನ ಮೇಲೆ ಕೆಲಸ ಮಾಡುತ್ತಿದ್ದ.

"ಖಾಲಿ ಆದ್ರ ಆಗವಲ್ದ್ಯಾಕ. ನಮಗೇನ?"

"ನಾವು ಹೋಗೂಣಂತ ಮಾಡೇವಿ. ನಾನು, ಅಕಿ, ಲಕ್ಷ್ಮೀ."

ಪದ್ಮವ್ವನ ಕೈಯಲ್ಲಿದ್ದ ಪಲ್ಯದ ಸೌಟು ಅಲ್ಲೇ ನಿಂತಿತು. "ಸ್ವಂತ ಮನಿ ಇದ್ದ ಊರಾಗ ಬಾಡಿಗಿ ಮನಿ? ಮಂದಿ ಏನಂದಾರು?"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಪ್ರಮಿಳಾ ಹೇಳಿದಳು, "ಅತ್ತಿ, ಹಾಸಿಗಿ ಹಾಸಿದ್ರ ಬಾಗಲಾ ತಗ್ಯಾಕ ಬರೂದಿಲ್ಲ. ಮಂದಿಗೆ ಅದು ಕಾಣೂದಿಲ್ರಿ, ನಿಮಗ ಕಾಣತೈತಿ."

"ಕಾಣತೈತಿ, ನನಗೇನ ಕುರುಡ? ಇದ್ದವ್ರಿಗೇ ಕಾಲ ಚಾಚಾಕ ಜಾಗಾ ಇಲ್ಲ, ಇನ್ನೊಂದು ಹುಟ್ಟಿದ್ರ ಎಲ್ಲಿ ಹಾಕೂದು, ಗ್ವಾಡಿ ಮಾಡದಾಗ ಇಡೂದ?"

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅದನ್ನು ಯಾರೂ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ, ಪದ್ಮವ್ವನಂತೂ ಇಲ್ಲವೇ ಇಲ್ಲ. ಅವಳು ಹೇಳಹೊರಟದ್ದು ಇನ್ನೊಂದು ಖೋಲಿ ಕಟ್ಟಿಸಬೇಕು ಎಂದು. ಆದರೆ ಅವಳ ಮನಸ್ಸಿನಲ್ಲಿ ಸಕ್ಕರೆಯಂತಿದ್ದ ಮಾತು ಬಾಯಿಗೆ ಬರುವಷ್ಟರಲ್ಲಿ ಕಲ್ಲಾಗಿರುತ್ತಿತ್ತು. ಈ ರೋಗ ಅವಳಿಗೆ ಹುಟ್ಟಿನಿಂದ ಬಂದದ್ದು, ನಲವತ್ತು ವರ್ಷ ಸಂಸಾರ ಮಾಡಿದ ನಾಗಲಿಂಗಪ್ಪನೇ ಅದಕ್ಕೆ ಔಷಧ ಕಂಡಿರಲಿಲ್ಲ.

ಬೇರೆ ಹೋಗುವ ಮಾತು ಕೇಳಿದರೆ ಅವಳಿಗೆ ತನ್ನ ತವರಿನ ಗತಿ ನೆನಪಾಗುತ್ತಿತ್ತು. ಅವಳ ತವರು ಬೀಡಿ ಎಂಬ ಊರು. ಅಲ್ಲಿ ಅಣ್ಣತಮ್ಮಂದಿರು ಮೊದಲು ಒಂದು ಗೋಡೆ ಎಬ್ಬಿಸಿದರು, ಆಮೇಲೆ ಮೂರು ಒಲೆ ಹೂಡಿದರು, ಈಗ ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಮುಟ್ಟುವುದಿಲ್ಲ. ತಾಯಿ ಸತ್ತಾಗ ಹೆಣ ಯಾರ ಪಾಲಿನ ಪಡಸಾಲೆಯಲ್ಲಿ ಇಡಬೇಕೆಂದು ವಾದ ಮಾಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ತನ್ನ ಮನೆಯಲ್ಲಿ ಒಲೆ ಒಂದೇ ಉರಿಯಬೇಕು, ಅದೊಂದು ನಡೆದರೆ ಸಾಕು ಎಂದು ಅವಳು ದೇವರಿಗೂ ಬೇಡಿಕೊಂಡಿದ್ದಳು.

ಪ್ರಮಿಳಾ ಖಾನಾಪುರದವಳು. ಕುಲ ಒಂದೇ, ಮನೆಮಾತು ಮಾತ್ರ ಮರಾಠಿ; ಆ ಸೀಮೆಯಲ್ಲಿ ಇದು ಹೊಸದೇನಲ್ಲ. ಮದುವೆಯಾಗಿ ಬಂದಾಗ ಅವಳಿಗೆ ನೀರು, ಊಟ, ಹೂಂ ಇಷ್ಟು ಬಿಟ್ಟರೆ ಕನ್ನಡವಿರಲಿಲ್ಲ. ಈಗ ಅತ್ತೆಗೆ ತಿರುಗಿ ಹೇಳುವಷ್ಟು ಕಲಿತಿದ್ದಳು. ಪದ್ಮವ್ವನ ಮರಾಠಿ ಮಾತ್ರ ಇದ್ದಲ್ಲೇ ಇತ್ತು. ಕಾಯಿಪಲ್ಲೆ ಮಾರುವವರ ಜೊತೆ ಚೌಕಾಸಿ ಮಾಡಿ ಕಲಿತ ಮರಾಠಿ ಅದು. ಕನ್ನಡದ ಶಬ್ದಕ್ಕೊಂದು ಬಾಲ ಹಚ್ಚಿದರೆ ಮರಾಠಿಯಾಯಿತೆಂಬುದು ಅವಳ ತಿಳಿವಳಿಕೆ. ಬಹಳಷ್ಟು ಸಲ ಅದು ನಡೆದೂ ಬಿಡುತ್ತಿತ್ತು, ಅದೇ ಅವಳ ಧೈರ್ಯ.

ಒಮ್ಮೆ ಮಾತ್ರ ನಡೆದಿರಲಿಲ್ಲ. ಲಕ್ಷ್ಮೀ ಮಾತು ಕಲಿತ ಹೊಸದರಲ್ಲಿ ಅಜ್ಜಿಯನ್ನು "ಆಯಿ" ಎಂದು ಕರೆದಳು. ಈ ಕಡೆಯ ಕನ್ನಡದವರು ಅಜ್ಜಿಗೆ ಆಯಿ ಅನ್ನುತ್ತಾರೆ, ಮರಾಠಿಯವರು ತಾಯಿಗೆ ಅನ್ನುತ್ತಾರೆ. ಹೆತ್ತವಳು ಒಳಗೆ ಒಲೆಯ ಹೊಗೆ ಕುಡಿಯುತ್ತಿರುವಾಗ ಮಗಳು ಅಂಗಳದಲ್ಲಿ ಇನ್ನೊಬ್ಬಳನ್ನು ತಾಯಿ ಅಂದಳಲ್ಲ ಎಂದು ಪ್ರಮಿಳಾ ಆ ಹೊತ್ತಿನ ಊಟ ಬಿಟ್ಟಿದ್ದಳು. ವಿಷಯ ತಿಳಿದ ಮೇಲೆ ಎಲ್ಲರೂ ನಕ್ಕರು, ಪ್ರಮಿಳಾಳೂ ನಕ್ಕಳು. ನಕ್ಕು ಮರೆತರು.

ಬಾಡಿಗೆ ಮನೆಯ ಮಾತು ಎದ್ದು ಕೆಲವು ದಿನಗಳಾಗಿದ್ದವು. ಒಂದು ಮಧ್ಯಾಹ್ನ ಪದ್ಮವ್ವ ಹಿಂದಿನ ಕಿಟಕಿಯಿಂದ ಸುಮ್ಮನೆ ಹೊರಗೆ ನೋಡಿದಳು. ಪ್ರಮಿಳಾ ಹುಣಸೆ ಬೊಡ್ಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಅಂಗೈಯಲ್ಲಿ ಉಪ್ಪು. ಎಳೆಯ ಚಿಗುರನ್ನು ಕಿತ್ತು ಉಪ್ಪಿಗೆ ಅದ್ದಿ, ಕಣ್ಣು ಮುಚ್ಚಿ ತಿನ್ನುತ್ತಿದ್ದಳು. ಮುಂಜಾನೆ ಒಗ್ಗರಣೆಯ ವಾಸನೆಗೆ ಸೆರಗು ಮೂಗಿಗೆ ಒತ್ತಿ ಹೊರಗೆ ಓಡಿದ್ದೂ ಪದ್ಮವ್ವನಿಗೆ ನೆನಪಾಯಿತು. ಇಷ್ಟಾದ ಮೇಲೆ ಹೆಂಗಸರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ.

ಹಿಗ್ಗು ತಡೆಯಲಾಗದೆ ಅವಳು ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಓಡಿಹೋಗಿ ಸೊಸೆಯ ಗಲ್ಲ ಹಿಡಿದು ಕೇಳಬೇಕೆನಿಸಿತು. ಆದರೆ ಕೇಳುವಂತಿರಲಿಲ್ಲ. ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿ ಯಾರ ಬಾಯಿಗೂ ಬರಬಾರದು, ಬಂದರೆ ಕೂಸು ನಿಲ್ಲುವುದಿಲ್ಲ ಎಂಬುದು ಅವಳ ತವರಿನ ನೇಮ. ಅವಳ ಮೊದಲ ಬಸುರನ್ನು ನಾಗಲಿಂಗಪ್ಪ ಖುಷಿಯಲ್ಲಿ ಡಿಪೋದ ತುಂಬ ಸಾರಿ ಬಂದಿದ್ದ, ಅದು ನಿಂತಿರಲಿಲ್ಲ. ಅದಕ್ಕೇ ಈಗ ಅವಳು ತುಟಿ ಹೊಲಿದುಕೊಂಡಳು. ಗಂಡನಿಗೂ ಹೇಳಲಿಲ್ಲ, ಮಗನಿಗೂ ಹೇಳಲಿಲ್ಲ. ಮಾತಿನ ಬದಲು ಕೆಲಸ ಮಾಡಿ ತೋರಿಸುತ್ತೇನೆ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಹಲಸಿನ ಬೊಡ್ಡೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಗಂಡನ ಮುಂದೆ ಹೋಗಿ ನಿಂತಳು.

"ಏಳ್ರಿ. ಈ ಬೊಡ್ಡಿ ಎಲ್ಲಾ ತಗಸೂದೈತಿ."

"ಯಾಕ? ನಿನಗೇನ ಅಂದಾವು ಅವು?"

"ಇಲ್ಲಿ ಒಂದು ಖೋಲಿ ಆಗಬೇಕು. ಹುಡುಗೂರು ಬಾಡಿಗಿ ಮನಿಗೆ ಹೋಗೂದು ನನಗ ಬ್ಯಾಡಾಗೇತಿ."

"ಹಂಗಾದ್ರ ಮಾವಿಂದ ತಗಸು, ಹುಣಸಿದ ತಗಸು. ನನ್ನ ಖುರ್ಚಿಗೆ ಯಾಕ ಬಂದಿ?"

"ಖೋಲಿ ನಡುವ ಬೊಡ್ಡಿ ಇಟ್ಟುಕೊಂಡು ಮಲಗತಾರೇನ್ರಿ?"

ನಾಗಲಿಂಗಪ್ಪ ಬೊಡ್ಡೆಯನ್ನು ಅಂಗೈಯಿಂದ ಒಮ್ಮೆ ಸವರಿ ಎದ್ದ. ಹೆಂಡತಿಯ ಆ ದನಿ ಕೇಳಿದ ಮೇಲೆ ವಾದ ಮಾಡಿ ಗೆದ್ದ ನೆನಪು ಅವನಿಗಿರಲಿಲ್ಲ. ರಾಮಲಿಂಗನಿಗೆ ಹೇಳಿದಾಗ ಅವನು, "ನೋಡೂಣು ಬೇ, ಖೋಲಿ ಆಗೂದಾದ್ರ ನಾವ್ಯಾಕ ಹೋಗೂಣು," ಎಂದ. ಅಷ್ಟು ಸಾಕಾಯಿತು ಅವಳಿಗೆ.

ಬೊಡ್ಡೆ ಕೀಳಲು ಬಾಳಾಸಾಹೇಬ ಬಂದ. ಖಾನಾಪುರದ ಕಡೆಯವನು, ಮರಾಠಿ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಜೊತೆಗೆ ಹೆಂಡತಿ, ಗುದ್ದಲಿ, ಹಾರೆ, ಎರಡು ಕೊಡಲಿ. ಮಾವಿನ ಬೊಡ್ಡೆ ಒಳಗೆ ಗೆದ್ದಲು ತಿಂದು ಪೊಳ್ಳಾಗಿತ್ತು, ಸುಲಭಕ್ಕೆ ಬಂತು. ಹಲಸಿನದು ಸ್ವಲ್ಪ ಸತಾಯಿಸಿತು. ಹುಣಸೆಯ ಹತ್ತಿರ ಬಂದಾಗ ಬಾಳಾಸಾಹೇಬ ಅದರ ಸುತ್ತ ಎದೆಯುದ್ದ ಅಗೆದು, ಮೇಲೆ ಬಂದು ಬೆವರು ಒರೆಸಿಕೊಂಡ.

"ಮೂಳ ಲಯ್ ಖೋಲ ಗೇಲಂಯ, ಅಕ್ಕಾ," ಎಂದ. ಬೇರು ಬಹಳ ಆಳಕ್ಕೆ ಹೋಗಿದೆ, ಮೇಲಿನದಷ್ಟು ಕಡಿದು ಮಣ್ಣು ಮುಚ್ಚಿಬಿಡೋಣ ಎಂದು ಕೈಮಾಡಿ ತೋರಿಸಿದ.

ಪದ್ಮವ್ವ ಒಪ್ಪಲಿಲ್ಲ. ಆ ಹುಣಸೆಯ ಹಟ ಅವಳಿಗೆ ಗೊತ್ತಿತ್ತು. ಬೇರು ಉಳಿದರೆ ನಾಳೆ ಕೂಸಿನ ತೊಟ್ಟಿಲ ಕೆಳಗೆ ನೆಲ ಬಿರಿದು ಎದ್ದು ಬರುವಂಥದ್ದು. ಅವಳಿಗೆ ಖುಷಿಯಾದ ಸಂಗತಿ ಇನ್ನೊಂದಿತ್ತು. ಬೇರಿಗೆ ಮರಾಠಿಯಲ್ಲಿ ಏನೆನ್ನುತ್ತಾರೋ ಎಂದು ಅವಳು ತಡವರಿಸುತ್ತಿದ್ದಾಗ ಅವನೇ ಹೇಳಿಕೊಟ್ಟಂತಾಗಿತ್ತು. ಇದು ನಮ್ಮ ಮೂಲವೇ ಅಲ್ಲವೇ! ಮೂಳವೋ ಮೂಲವೋ, ನಾಲಿಗೆಯ ತುದಿಯ ಫರಕು.

"ಮೂಲ ಸೋಡೂ ನಕೋ! ಸಗಳಾ ಮೂಲ ಕಾಢಾ!" ಬೇರು ಬಿಡಬೇಡ, ಪೂರ್ತಿ ತೆಗೆ ಎಂಬ ಅರ್ಥದಲ್ಲಿ ಕೂಗಿದಳು. ಬಾಳಾಸಾಹೇಬನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ಕಿಸಕ್ಕನೆ ನಕ್ಕಳು.

"ಮೂಲ ಅಂದ್ರ ನಮ್ಮ ಡಿಪೋದಾಗ ಡ್ರೈವರಗೋಳಿಗೆ ಆಗೂ ರೋಗ," ಎಂದ ನಾಗಲಿಂಗಪ್ಪ. "ಭಾಳ ಹೊತ್ತು ಕುಂತ್ರ ಬರತೈತಿ. ಅದಕ್ಕ ನಗತಾಳ ಆ ಹೆಣಮಗಳು."

"ನೀವೂ ಭಾಳ ಹೊತ್ತು ಕುಂತೀರಿ. ಏಳ್ರಿ, ಮಣ್ಣ ಹೊರ್ರಿ," ಎಂದಳು ಪದ್ಮವ್ವ. ಎಲ್ಲರೂ ನಕ್ಕರು. ಪ್ರಮಿಳಾ ಆಗ ನಲ್ಲಿಯ ನೀರಿಗೆ ಓಣಿಯ ತುದಿಗೆ ಹೋಗಿದ್ದಳು. ಮನೆಯಲ್ಲಿದ್ದಿದ್ದರೆ ಅವಳೂ ನಗುತ್ತಿದ್ದಳು, ನಕ್ಕು ಅತ್ತೆಯನ್ನು ತಿದ್ದುತ್ತಿದ್ದಳು, ಅಲ್ಲಿಗೆ ಅದು ಮುಗಿಯುತ್ತಿತ್ತು.

ಕೊಡ ಹೊತ್ತು ಬಂದ ಪ್ರಮಿಳಾ ಗುಂಡಿಯ ಅಂಚಿನಲ್ಲಿ ಹಾಯುವಾಗ ಕಾಲು ಜಾರಿ, ಸಾವರಿಸಿಕೊಂಡು ಗೋಡೆ ಹಿಡಿದಳು. ನೀರು ಸೀರೆಯ ಮೇಲೆಲ್ಲ ಚೆಲ್ಲಿತು. ಪದ್ಮವ್ವ ಹೆದರಿ ಇದ್ದಲ್ಲಿಂದಲೇ ಕೂಗಿದಳು.

"ಕಣ್ಣ ಎಲ್ಲಿ ಇಟ್ಟಿದ್ದಿ? ನಾಳೆ ಮುಂಜಾನೆ ಬಸ್ಸಿಗೆ ಖಾನಾಪುರಕ್ಕ ಹೋಗು."

"ಯಾಕ್ರಿ ಅತ್ತಿ? ಈಗ್ಯಾಕ?"

"ಹೋಗು ಅಂದ್ರ ಹೋಗಬೇಕು. ಇಲ್ಲಿ ಧೂಳು, ಗುಂಡಿ. ನಿನ್ನ ಕಾಯಾಕ ನನಗ ಆಗೂದಿಲ್ಲ."

"ಲಕ್ಷ್ಮೀ ಸಾಲಿ?"

"ಲಕ್ಷ್ಮೀನ ನಾ ನೋಡಕೋತೇನಿ. ನೀ ನಡಿ ಮದಲ."

ಪ್ರಮಿಳಾ ಅತ್ತೆಯ ಮುಖವನ್ನೇ ನೋಡಿದಳು. ಬಾಡಿಗೆ ಮನೆಯ ಮಾತೆತ್ತಿದ್ದಕ್ಕೆ ತವರಿಗೆ ಅಟ್ಟುತ್ತಿದ್ದಾಳೆಂದು ತಿಳಿದಳೋ ಏನೋ, ಒಳಗೆ ಹೋಗಿ ಚೀಲ ತುಂಬಿಕೊಂಡಳು. ಪದ್ಮವ್ವ ಆ ಚೀಲದೊಳಗೆ ಶೇಂಗಾ ಚಟ್ನಿಹಿಂಡಿಯ ಡಬ್ಬಿ ಇಟ್ಟಳು. ಅದರ ಕೆಳಗೆ, ಅರ್ಧ ಅಗೆದ ಬೊಡ್ಡೆಯಿಂದ ಚಿವುಟಿದ ಹುಣಸೆ ಚಿಗುರನ್ನು ಕಾಗದದಲ್ಲಿ ಕಟ್ಟಿ ಇಟ್ಟಳು. ಅದನ್ನು ನೋಡಿದರೆ ಬಸುರಿನ ಸಂಗತಿ ಅತ್ತೆಗೆ ಗೊತ್ತಿದೆಯೆಂದು ಸೊಸೆಗೆ ತಿಳಿದೀತು ಎಂದುಕೊಂಡಳು. ಬಸ್ಸಿನ ಸೆಖೆಗೆ ಚಿಗುರು ಬಾಡಿ ಕಪ್ಪಾಗಿ, ಖಾನಾಪುರದಲ್ಲಿ ಪ್ರಮಿಳಾಳ ತಾಯಿ ಕಸವೆಂದು ಅದನ್ನು ತಿಪ್ಪೆಗೆ ಚೆಲ್ಲಿದ್ದು ಪದ್ಮವ್ವನಿಗೆ ತಿಳಿದದ್ದು ಬಹಳ ಆಮೇಲೆ.

ಎರಡು ದಿನದ ಕೆಲಸ ವಾರ ದಾಟಿತು. ಹುಣಸೆಯ ತಾಯಿಬೇರು ಮನೆಯ ಹಿಂಗೋಡೆಯ ಬುಡಕ್ಕೆ ನುಗ್ಗಿತ್ತು. ಹಿತ್ತಲ ಬಾಗಿಲು ತೆರೆದರೆ ಕಾಲಿಡಲು ನೆಲವಿಲ್ಲ, ಗುಂಡಿಯ ಮೇಲೆ ಹಲಗೆ ಹಾಸಿ ಬಚ್ಚಲಿಗೆ ಹೋಗಬೇಕು. ಪದ್ಮವ್ವ ಒಬ್ಬಳೇ ರೊಟ್ಟಿ ಬಡಿದು, ಮೊಮ್ಮಗಳಿಗೆ ಜಡೆ ಹಾಕಿ ಸಾಲಿಗೆ ಕಳಿಸಿ, ಬಾಳಾಸಾಹೇಬನಿಗೆ ಚಹಾ ಕೊಟ್ಟು, ನಡು ಹಿಡಿದುಕೊಂಡು ಕೂತರೂ ಬೇಸರಪಡಲಿಲ್ಲ. ಖೋಲಿಯ ಕಿಟಕಿ ಯಾವ ಕಡೆ, ತೊಟ್ಟಿಲಿನ ಹಗ್ಗಕ್ಕೆ ಕೊಂಡಿ ಯಾವ ತೊಲೆಗೆ ಎಂದು ಮನಸ್ಸಿನಲ್ಲೇ ಹಾಕಿಕೊಂಡಿದ್ದಳು.

ಸೊಸೆಯನ್ನು ಇನ್ನಷ್ಟು ದಿನ ಅಲ್ಲೇ ಇರಿಸಬೇಕೆಂದು ಒಂದು ಸಂಜೆ ಎಸ್‌ಟಿಡಿ ಬೂತಿಗೆ ಹೋದಳು. ಪ್ರಮಿಳಾಳ ತವರಿನಲ್ಲಿ ಫೋನಿರಲಿಲ್ಲ, ಎದುರಿಗಿನ ಕಿರಾಣಿ ಅಂಗಡಿಯವನು ಸುದ್ದಿ ಮುಟ್ಟಿಸುತ್ತಿದ್ದ. ಬೂತಿನ ಗಾಜಿನ ಗೂಡಿನೊಳಗೆ ನಿಂತು, ಮೀಟರಿನ ಮೇಲೆ ಕಣ್ಣಿಟ್ಟು, ಪದ್ಮವ್ವ ಗಂಟಲು ಸರಿಮಾಡಿಕೊಂಡಳು.

"ಮೀ ಬೆಳಗಾವೂನ. ಪ್ರಮಿಳಾಚೀ ಸಾಸೂ," ಎಂದು ತಾನು ಪ್ರಮಿಳಾಳ ಅತ್ತೆಯೆಂದು ತಿಳಿಸಿದಳು.

ಅಂಗಡಿಯವನು, ಪ್ರಮಿಳಾ ನಾಳೆಯೇ ಹೊರಟಿದ್ದಾಳೆ, ಮಗಳ ನೆನಪಾಗಿದೆಯಂತೆ ಎಂದ. ಪದ್ಮವ್ವನಿಗೆ ಗುಂಡಿ, ಹಲಗೆ, ಜಾರಿದ ಕಾಲು ಎಲ್ಲ ಕಣ್ಣಮುಂದೆ ಬಂದವು.

"ನಕೋ, ನಕೋ! ತಿಲಾ ಸಾಂಗಾ, ಮೂಲ ಕಾಢೂನಚ ಯೇ. ಮೂಲ ಅಸತಾನಾ ಘರಾತ ಜಾಗಾ ನಾಹೀ."

ಬೇರು ತೆಗೆದ ಮೇಲೆಯೇ ಬಾ, ಬೇರಿರುವ ತನಕ ಮನೆಯಲ್ಲಿ ಜಾಗವಿಲ್ಲ ಎಂದು ಅವಳು ಹೇಳಿದ್ದು. ಆ ಕಡೆಯಿಂದ "ಕಾಯ?" ಏನು, ಎಂದು ಕೇಳಿದ ಅಂಗಡಿಯವನು. ಲೈನು ಸರಿಯಿಲ್ಲವೆಂದುಕೊಂಡು ಅವಳು ಅದನ್ನೇ ಇನ್ನೂ ಜೋರಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದಳು. "ಬರಂ," ಎಂದು ಒಪ್ಪಿ ಅವನು ಫೋನಿಟ್ಟ. ಇಷ್ಟುದ್ದ ಮರಾಠಿ ತಾನೊಬ್ಬಳೇ ಮಾತಾಡಿ ಮುಗಿಸಿದ್ದಕ್ಕೆ ಪದ್ಮವ್ವನಿಗೆ ದಾರಿಯುದ್ದಕ್ಕೂ ಹೆಮ್ಮೆಯಾಗಿತ್ತು.

ಮರುದಿನ ಊಟದ ಹೊತ್ತಿಗೆ ರಾಮಲಿಂಗ ಹೇಳಿದ, "ಪ್ರಮಿಳಾ ನಮ್ಮ ಮಾಲಕರ ಫೋನಿಗೆ ಫೋನ್ ಮಾಡಿದ್ಲು ಬೇ."

"ಏನಂದ್ಲು?"

"ಅತ್ತಿ ಹೇಳಿ ಕಳಿಸಿದ್ದು ಖರೇನ, ನೀವೂ ಹಂಗ ಅಂತೀರೇನ ಅಂತ ಕೇಳಿದ್ಲು. ಹೌದು, ಅವ್ವ ಹೇಳೂದು ಬರೋಬರಿ ಐತಿ, ತಗದ ಮ್ಯಾಲೇ ಬಾ ಅಂದೆ. ಲೇಥಿನ ಸಪ್ಪಳಕ್ಕ ಮುಂದಿಂದು ಕೇಳಲಿಲ್ಲ. ಅಳಾಕತ್ತಿದ್ಲೋ ಏನೋ."

"ಮಗಳ್ನ ಬಿಟ್ಟು ಹೋಗ್ಯಾಳ, ಅಳೂದಿಲ್ಲೇನು? ಇನ್ನ ನಾಕ ದಿನಾ ತಡಕೋಬೇಕು."

"ಆಯಿ, ಅವ್ವ ಯಾವಾಗ ಬರ್ತಾಳ?" ಎಂದಳು ಲಕ್ಷ್ಮೀ.

"ಬೇರು ಕಿತ್ತಮ್ಯಾಲ ಬರ್ತಾಳವಾ. ನೀ ಉಣ್ಣು."

ಕೊನೆಗೆ ರಾಮಲಿಂಗ ಗ್ಯಾರೇಜಿನಿಂದ ಚೈನ್ ಪುಲ್ಲಿ ತಂದ. ಅವನು, ಬಾಳಾಸಾಹೇಬ, ನಾಗಲಿಂಗಪ್ಪ, ಓಣಿಯ ಇನ್ನಿಬ್ಬರು ಸೇರಿ ಎಳೆದಾಗ ತಾಯಿಬೇರು ಗೋಡೆಯ ಬುಡದಿಂದ ನರಳುತ್ತ ಹೊರಬಂತು. ಆಳುದ್ದಕ್ಕಿಂತ ಉದ್ದವಿತ್ತು. ತುದಿಯಲ್ಲಿ ಇನ್ನೂ ಹಸಿ ಇತ್ತು, ಕಡಿದಲ್ಲಿ ಕೆಂಪಗೆ ಒಸರುತ್ತಿತ್ತು. ಪದ್ಮವ್ವ ಎಲ್ಲರಿಗೂ ಶಿರಾ ಮಾಡಿ ಹಂಚಿದಳು. ಒಣಕೊಬ್ಬರಿ, ಅಂಟು, ಉತ್ತತ್ತಿ ತರಿಸಿ ಡಬ್ಬಿಯಲ್ಲಿಟ್ಟಳು. ಬಾಣಂತಿಗೆ ಅಂಟಿನ ಉಂಡೆ ಬೇಕಾಗುವುದು ಎಷ್ಟೋ ತಿಂಗಳ ಮೇಲೆ, ಆದರೂ ತರಿಸಿದಳು.

ಪ್ರಮಿಳಾ ಬಂದದ್ದು ಅದರ ಮರುದಿನ. ಯಾರೂ ಕರೆದಿರಲಿಲ್ಲ. ಹೊತ್ತೇರಿದ ಮೇಲೆ ಒಬ್ಬಳೇ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತುಟಿ ಬಿಳುಪೇರಿತ್ತು, ಬಾಗಿಲ ಚೌಕಟ್ಟಿಗೆ ಕೈಯೂರಿ ಉಸಿರು ತೆಗೆದುಕೊಳ್ಳುತ್ತಿದ್ದಳು.

"ಬಂದ್ಯಾವಾ? ಕೈಕಾಲ ತೊಳಕೋ. ಯಾಕ ಹಿಂಗ ಸೊರಗೀದಿ, ತವರಾಗ ಉಣ್ಣಾಕ ಹಾಕಲಿಲ್ಲೇನು?"

ಪ್ರಮಿಳಾ ಪಡಸಾಲೆಯ ಗೋಡೆಗೆ ಆತು ಕೂತಳು. "ನೀವು ಹೇಳಿದ್ದು ಮಾಡಿಸಿಕೊಂಡ ಬಂದೇನ್ರಿ ಅತ್ತಿ," ಎಂದಳು.

"ನಾ ಏನ ಹೇಳಿದ್ದೆ?"

"ಮೂಲ ಕಾಢೂನಚ ಯೇ ಅಂದಿದ್ರಲ್ರಿ."

"ಹೂಂ, ಅಂದಿದ್ದೆ," ಎಂದು ಪದ್ಮವ್ವ ನಕ್ಕಳು. "ಅದನ್ನ ನೀ ಏನ ಮಾಡಸ್ತಿ? ನಿನ್ನಿ ದಿನಾನ ತಗಸೇನಿ ನಾ. ಬಾ ಇಲ್ಲೆ, ನೋಡ ಬಾ." ಸೊಸೆಯ ಕೈಹಿಡಿದು ಎಬ್ಬಿಸಿ ಹಿತ್ತಲ ಬಾಗಿಲಿಗೆ ಕರೆದುಕೊಂಡು ಹೋದಳು. ಗುಂಡಿಯ ಅಂಚಿಗೆ ಆ ದೊಡ್ಡ ಬೇರು ಬಿದ್ದಿತ್ತು. "ಹೆಂತಾದ್ದು ಇತ್ತು ನೋಡು! ಗ್ವಾಡಿ ಬುಡಕ್ಕ ಹೊಕ್ಕಿತ್ತು. ಇನ್ನ ನಿಮ್ಮ ಖೋಲಿಗೆ ಕಾಟ ಇಲ್ಲ."

ಪ್ರಮಿಳಾ ಬೇರನ್ನು ನೋಡಿದಳು. ಗುಂಡಿಯನ್ನು ನೋಡಿದಳು. ಸುಣ್ಣದ ಪುಡಿಯಿಂದ ಹಾಕಿದ್ದ ಖೋಲಿಯ ಗೆರೆಯನ್ನು ನೋಡಿದಳು. ಬಗ್ಗಿ ಬೇರಿನ ಮೇಲೆ ಕೈಯಿಟ್ಟಳು.

"ಅತ್ತಿ, ಇದಕ್ಕ ನೀವು ಏನಂತೀರಿ?"

"ಬೇರು. ನಿಮ್ಮ ಭಾಷಾದಾಗ ಮೂಲ ಅಲ್ಲೇನು?"

"ಇದು ಮೂಳ ರೀ." ಅವಳ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. "ಮೂಲ ಅಂದ್ರ ನಮ್ಮಲ್ಲಿ ಕೂಸು ರೀ ಅತ್ತಿ."

ಪದ್ಮವ್ವನಿಗೆ ಮೊದಲು ಅರ್ಥವಾಗಲಿಲ್ಲ. ಕೂಸು ತೆಗೆಸಿಕೊಂಡೇ ಬಾ. ಕೂಸು ಇದ್ದರೆ ಮನೆಯಲ್ಲಿ ಜಾಗವಿಲ್ಲ. ತಾನು ಬೂತಿನಲ್ಲಿ ಎರಡೆರಡು ಸಲ ಬಿಡಿಸಿ ಹೇಳಿದ ಮಾತು ತನ್ನ ಬಾಯಿಂದಲೇ ಹೊಸದಾಗಿ ಕೇಳಿಸಿತು. ಸೊಸೆಯ ಹೊಟ್ಟೆಯನ್ನು ನೋಡಿದಳು, ಮುಖವನ್ನು ನೋಡಿದಳು. ಹೊಸ್ತಿಲ ಮೇಲೆ ಕುಸಿದು ಕೂತು ಎರಡೂ ಕೈಯಿಂದ ಬಾಯಿ ಬಡಿದುಕೊಂಡಳು.

"ನನಗ ಗೊತ್ತಿತ್ತಬೇ! ಹುಣಸಿ ಚಿಗರ ತಿನ್ನೂದು ನೋಡಿದ್ದೆ. ಅದರ ಸಲುವಾಗೇ ಈ ಖೋಲಿ, ಅದರ ಸಲುವಾಗೇ..."

"ನೋಡಿದ್ರ ಒಂದ ಮಾತು ಕೇಳಬೇಕಿತ್ತಲ್ರಿ."

"ಮೂರ ತಿಂಗಳು ತುಂಬೂತನಕ ಬಾಯಿ ಬಿಡಬಾರದಂತ..."

"ಹೂಂ. ನಮ್ಮವ್ವನೂ ಹಂಗ ಅಂತಿದ್ಲು," ಎಂದಳು ಪ್ರಮಿಳಾ. "ಅದಕ್ಕ ನಾನೂ ನಿಮಗ ಹೇಳಿರಲಿಲ್ಲ. ನಿಮ್ಮ ಮಗ ಹೇಳಿರಬೇಕಂತ ತಿಳಕೊಂಡೆ."

ಸಂಜೆ ರಾಮಲಿಂಗ ಬಂದ. ಬಸುರಿನ ಸಂಗತಿ ಅವನಿಗೆ ಮೊದಲೇ ಗೊತ್ತಿತ್ತು. ಹೆಂಡತಿ ಅವನೊಬ್ಬನಿಗೆ ಹೇಳಿದ್ದಳು. ವಿಷಯ ತಿಳಿದು ಅವನು ಕೈಯಲ್ಲಿದ್ದ ಊಟದ ಡಬ್ಬಿಯನ್ನು ಗೋಡೆಗೆ ಎಸೆದ.

"ಬರಲಾರದ ಭಾಷಾ ಯಾಕ ಮಾತಾಡಾಕ ಹೋದಿ ಬೇ?"

"ನೀ ಯಾಕ ಹೌದಂದಿ? ಅಕಿ ನಿನ್ನ ಕೇಳಲಿಲ್ಲೇನು?"

"ನಾ ಬೊಡ್ಡಿದ ಅಂತ ತಿಳಕೊಂಡೆ!"

"ನಾನೂ ಬೊಡ್ಡಿದ ಹೇಳಿದ್ನೋ ಯಪ್ಪಾ!"

ತಾಯಿ ಮಗ ಇಬ್ಬರೂ ಕಿರುಚಿದರು. ಓಣಿಯ ಬಾಗಿಲುಗಳು ತೆರೆದವು. ನಾಗಲಿಂಗಪ್ಪ ಮೊಮ್ಮಗಳನ್ನು ಕಂಕುಳಲ್ಲಿ ಹೊತ್ತು ಹೊರಗೆ ಹೋದ. ಒಳಗೆ ಮಲಗಿದ್ದ ಪ್ರಮಿಳಾ ಎದ್ದು ಬಂದು, "ಬಿಡ್ರಿ. ಯಾರೂ ಒದರಬ್ಯಾಡ್ರಿ," ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು.

"ಮಾತು ತಪ್ಪಿತು, ಅದು ಹೋಗ್ಲಿ. ಅಂಗಡಿಯವರು ಬಂದು ಹೇಳಿದಾಗ ನಮ್ಮವ್ವ ಅತ್ಲು. ಎಲ್ಲೆರೆ ಹಿಂಗಂತಾರೇನ, ಇನ್ನೊಮ್ಮಿ ಕೇಳು ಅಂದ್ಲು. ನನಗ ಒಂದ ಗಳಿಗಿನೂ ಸಂಶಯ ಬರಲಿಲ್ಲ ರೀ ಅತ್ತಿ. ನೀವು ಹಂಗ ಅಂದಿರ್ತೀರಿ ಅಂತ ಕೇಳಿದ ಕೂಡ್ಲೇ ಅನಿಸ್ತು."

ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ತಿಂದವಳಿಗೆ ತಾನು ಹೀಗೆ ಕಂಡಿದ್ದೆನೇ ಎಂದು ಪದ್ಮವ್ವನ ಜೀವ ಕುಗ್ಗಿಹೋಯಿತು. ತಪ್ಪು ಒಬ್ಬರದಾಗಿದ್ದರೆ ಅವರನ್ನು ಬೈದು, ಬೈಸಿಕೊಂಡು, ಅತ್ತು, ಆ ಮನೆ ಹೇಗೋ ಸರಿಹೋಗುತ್ತಿತ್ತೇನೋ. ಬೈಯಲು ಯಾರೂ ಸಿಗಲಿಲ್ಲ.

ಅವಳು ಅಂಟಿನ ಉಂಡೆ ಮಾಡಿದಳು. ಹೆತ್ತರೂ ಕಳೆದುಕೊಂಡರೂ ಮೈಗೆ ಆರೈಕೆ ಬೇಕೇ ಬೇಕೆಂದು ಕೊಬ್ಬರಿ ತುರಿದು, ಅಂಟನ್ನು ತುಪ್ಪದಲ್ಲಿ ಹುರಿದು, ಡಬ್ಬಿ ತುಂಬಿ ಸೊಸೆಯ ತಲೆಯ ಬಳಿಯ ಗೋಡೆಯ ಮಾಡದಲ್ಲಿ ಇಟ್ಟಳು. "ತಿಂತೇನ್ರಿ," ಎಂದಳು ಪ್ರಮಿಳಾ. ತಿನ್ನಲಿಲ್ಲ. ಡಬ್ಬಿಗೆ ಇರುವೆ ಹತ್ತಿದವು. ಪದ್ಮವ್ವ ಬಿಸಿಲಿಗಿಟ್ಟು ಇರುವೆ ಬಿಡಿಸಿ ಮತ್ತೆ ಅಲ್ಲೇ ಇಟ್ಟಳು. ಮನೆಯಲ್ಲಿ ಜಗಳ ನಿಂತುಹೋಯಿತು. ರೊಟ್ಟಿ ಬೇಕೇನ್ರಿ, ಸಾಕ್ರಿ, ನೀರು ಬಂತು, ಲಕ್ಷ್ಮೀ ಸಾಲಿಗೆ ಹೊತ್ತಾತು. ಅಷ್ಟೇ ಮಾತು. ಮೊದಲಿನ ಜಗಳವೇ ಚೆನ್ನಾಗಿತ್ತೆಂದು ನಾಗಲಿಂಗಪ್ಪನಿಗೂ ಅನಿಸಿತು.

ಬಾಳಾಸಾಹೇಬ ಗುಂಡಿ ಮುಚ್ಚಿ ಹೋದ. ಮೊದಲ ಮಳೆಗೆ ಸುಣ್ಣದ ಗೆರೆ ಅಳಿಸಿತು, ಅದನ್ನು ಮತ್ತೆ ಯಾರೂ ಹಾಕಲಿಲ್ಲ. ಬೇರನ್ನು ತುಂಡುಮಾಡಿ ಬಚ್ಚಲ ಒಲೆಗೆ ಇಟ್ಟರು. ಹಸಿ ಕಟ್ಟಿಗೆ ಸರಿಯಾಗಿ ಉರಿಯದೆ ದಿನವೂ ಮನೆತುಂಬ ಹೊಗೆಯಾಗುತ್ತಿತ್ತು.

ಒಂದು ಭಾನುವಾರ ರಾಮಲಿಂಗ ಟೆಂಪೋ ತಂದ. ಎರಡು ಟ್ರಂಕು, ಹಾಸಿಗೆ ಸುರುಳಿ, ಒಂದು ಹೊಸ ಸ್ಟೋವು. ಪದ್ಮವ್ವ ಈ ಸಲ ಮಂದಿ ಏನಂದಾರು ಎಂದು ಕೇಳಲಿಲ್ಲ. ಪ್ರಮಿಳಾ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು, "ಬರತೇನ್ರಿ," ಎಂದಳು.

"ಆಯಿ, ನೀನೂ ಬಾ," ಎಂದಳು ಟೆಂಪೋದಲ್ಲಿ ಕೂತಿದ್ದ ಲಕ್ಷ್ಮೀ.

"ನೀ ನಡಿವಾ. ನಿಮ್ಮವ್ವನ ಕೈ ಬಿಡಬ್ಯಾಡ."

ಟೆಂಪೋ ಓಣಿ ದಾಟಿದ ಮೇಲೆ ಅವಳು ಒಳಗೆ ಬಂದಳು. ಅಂಟಿನ ಉಂಡೆಯ ಡಬ್ಬಿ ಮಾಡದಲ್ಲೇ ಇತ್ತು. ರಾತ್ರಿ ಅದನ್ನು ಮುಟ್ಟದೆ ಚಾಪೆ ಹಾಸಿದಳು. ನಾಗಲಿಂಗಪ್ಪನೂ ಪಡಸಾಲೆ ಬಿಟ್ಟು ಒಳಗೆ ಬಂದು ಇನ್ನೊಂದು ಗೋಡೆಯ ಬದಿಗೆ ಮಲಗಿದ. ಬಾಗಿಲು ತೆರೆದೇ ಇತ್ತು, ಯಾವ ಹಾಸಿಗೆಯೂ ಅದಕ್ಕೆ ಅಡ್ಡವಿರಲಿಲ್ಲ. ಹೆಂಡತಿಯ ಜೊತೆ ಏನಾದರೊಂದು ಮಾತಾಡಬೇಕೆಂದು ಆ ಬಡಪಾಯಿ ಬಹಳ ಹೊತ್ತು ಹುಡುಕಿದ.

"ಈಗ ಕಾಲ ಚಾಚಾಕ ಜಾಗಾ ಆತು ನೋಡು," ಎಂದ.

ಪದ್ಮವ್ವ ಕಾಲು ಮಡಚಿಕೊಂಡು ಗೋಡೆಯ ಕಡೆ ತಿರುಗಿದಳು.